40 ಸಾವಿರ ಅಂಚೆಚೀಟಿಗೆ ಎಷ್ಟು ಸ್ಟಾಕ್ ಬುಕ್ ಬೇಕು, ಯಾವ ಸಾಫ್ಟ್‌ವೇರ್ ಬೇಕು?

ಎಲ್ಲ ದೇಶಗಳದ್ದೂ ಸೇರಿ 40 ಸಾವಿರ ಚೀಟಿ ಇವೆ, ದಪ್ಪ ಸ್ಟಾಕ್ ಬುಕ್ (ಪುಟದ ಅಡ್ಡಪಟ್ಟಿಗಳೊಳಗೆ ಚೀಟಿ ಸಿಕ್ಕಿಸಿಡುವ ಪುಸ್ತಕ) 12 ತಂದರೆ ಸಾಕೇ, ಒಂದೊಂದನ್ನೂ ನಮೂದಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದ್ದೀರಿ. ಇದೇ ಲೆಕ್ಕ ನಾನೂ ಹಾಕಿದ್ದೆ. 64 ಪುಟ, ಪುಟಕ್ಕೆ 9 ಪಟ್ಟಿ, ಪಟ್ಟಿಗೆ 6 ಚೀಟಿ, ಪುಸ್ತಕಕ್ಕೆ 3,456. ಹನ್ನೆರಡಕ್ಕೆ 41,472. ಲೆಕ್ಕ ಸರಿಯಾಗಿಯೇ ಇದೆ. ಆದರೂ ಆ 12 ಪುಸ್ತಕ ದಯವಿಟ್ಟು ತರಬೇಡಿ.

ನಾನು ತಂದೆ. ದೇಶಗಳನ್ನು ಅಕ್ಷರದ ಕ್ರಮದಲ್ಲಿ, ದೇಶದೊಳಗೆ ವರ್ಷದ ಕ್ರಮದಲ್ಲಿ, ಒಂದು ಪಟ್ಟಿಯೂ ಖಾಲಿ ಬಿಡದಂತೆ ತುಂಬಿದೆ. ಖಾಲಿ ಬಿಟ್ಟರೆ ಜಾಗ ದಂಡ ಎನಿಸಿತ್ತು. ತುಂಬಿದ ಪುಟ ನೋಡಲು ಎಷ್ಟು ಚೆಂದ ಎಂಬುದು ನಿಮಗೂ ಗೊತ್ತು. ಇಡೀ ಸಂಗ್ರಹವನ್ನು ಕೆಡಿಸಿದ್ದು ಈ ಒಂದು ತೀರ್ಮಾನ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಂಗೇರಿಯ ಪುಸ್ತಕವನ್ನೇ ತೆಗೆದುಕೊಳ್ಳಿ. ಏಳನೇ ಪುಟದ ಕಾಲಕ್ಕೆ ಸೇರಬೇಕಾದ 11 ಚೀಟಿ ಹೊಸದಾಗಿ ಬಂದವು. ಎರಡು ಪಟ್ಟಿ ಜಾಗ ಬೇಕು. ಆ ಎರಡು ಪಟ್ಟಿಗಾಗಿ ಮುಂದಿನ 57 ಪುಟಗಳಲ್ಲಿರುವ ಎಲ್ಲವೂ ಎರಡೆರಡು ಪಟ್ಟಿ ಕೆಳಗೆ ಸರಿಯಬೇಕು. ಪುಟಕ್ಕೆ 54ರಂತೆ 3,078 ಚೀಟಿ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಕೊನೆಯ ಪುಟದಲ್ಲಿ ಜಾಗ ಮುಗಿದಾಗ ಉಳಿದವು ಮುಂದಿನ ಪುಸ್ತಕಕ್ಕೆ ನುಗ್ಗಬೇಕು, ಅಲ್ಲೂ ಜಾಗವಿಲ್ಲ. ಸ್ಟಾಕ್ ಬುಕ್ಕಿನ ಪುಟ ಹೊಲಿದು ಕಟ್ಟಿದ್ದು, ಒಂದು ಹಾಳೆ ಬಿಚ್ಚಿ ನಡುವೆ ಇನ್ನೊಂದು ಸೇರಿಸಲಾಗದು. ಹಂಗೇರಿ ಒಂದನ್ನೇ ಮೂರು ಸಲ ಸರಿಸಿದೆ. ಒಂಬತ್ತು ಸಾವಿರ ಸಲ ಚಿಮಟ ಆಡಿದಂತಾಯಿತು.

ಪ್ರತಿ ಸಲ ಒಳಗೆ ತಳ್ಳುವಾಗ ಚೀಟಿಯ ಕೆಳಗಿನ ಅಂಚು ಪಟ್ಟಿಯ ಮಡಿಕೆಗೆ ತಾಗುತ್ತದೆ. ಮೊದಲು ಹೋಗುವುದು ಮೂಲೆಯ ಹಲ್ಲು, ಅಂದರೆ ಚೀಟಿಯ ಅಂಚಿನ ರಂಧ್ರಗಳ ನಡುವೆ ಉಳಿಯುವ ಚಿಕ್ಕ ಚಾಚು. ಮುರಿಯುವುದಿಲ್ಲ, ಮಡಚಿಕೊಳ್ಳುತ್ತದೆ. ಎರಡನೇ ಸಲ ಅದೇ ಮಡಿಕೆಯಲ್ಲಿ ಕಾಗದದ ನಾರು ಸಡಿಲವಾಗುತ್ತದೆ, ಮೂರನೇ ಸಲ ಉದುರುತ್ತದೆ. ಮೂಲೆಯ ಹಲ್ಲಿಲ್ಲದ ಚೀಟಿಯನ್ನು ಬದಲಿಗೂ ಯಾರೂ ತೆಗೆದುಕೊಳ್ಳುವುದಿಲ್ಲ. ಜಾಗ ಉಳಿಸಲೆಂದು ಮಿಂಟ್ (ಬಳಸದ, ಹಿಂದಿನ ಅಂಟು ಹಾಗೇ ಇರುವ) ಚೀಟಿಗಳನ್ನು ಒಂದರ ಮೇಲೊಂದು ಅರ್ಧ ಹೊದಿಸಿ ಇಟ್ಟಿದ್ದೆ, ಹವೆ ತೇವವಾದಾಗ ಹಿಂಬದಿಯ ಅಂಟು ಮುಂದಿನ ಚೀಟಿಯ ಮುಖಕ್ಕೇ ಕಚ್ಚಿಕೊಂಡಿತು. ಬಿಡಿಸಲು ನೀರಿಗೆ ಹಾಕಿದರೆ ಅಂಟು ಹೋಗುತ್ತದೆ, ಒಣಗಿದ್ದನ್ನೇ ಕಿತ್ತರೆ ಬಣ್ಣ ಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಕ್ರಮದ್ದು. ಬೇಸತ್ತು ನಡುವೆ ನಿಲ್ಲಿಸಿದಾಗ ಮುಂದಿನವನ್ನು ‘ಸದ್ಯಕ್ಕೆ’ ಒಂದು ಲಕೋಟೆಗೆ ಹಾಕಿದೆ. ಹಂಗೇರಿಯಲ್ಲಿ 1916ರಿಂದ ಬಂದ, ಹೊಲ ಕೊಯ್ಯುವವರ ಚಿತ್ರದ ಚಿಕ್ಕ ಚೀಟಿಯೊಂದಿದೆ. ರಾಜ್ಯ ಕುಸಿದು ಗಣರಾಜ್ಯವಾದಾಗ ಅದರ ಮೇಲೆ ‘ಕೊಜ್‌ತಾರ್ಶಶಾಗ್’ (ಗಣರಾಜ್ಯ) ಎಂದು ಮುದ್ರಿಸಿದರು. 1919ರಲ್ಲಿ ಸೋವಿಯತ್ ಗಣರಾಜ್ಯದ ಹೆಸರು ಬಿತ್ತು. 1920ರಲ್ಲಿ ಆ ಹೆಸರನ್ನು ಮುಚ್ಚಲು ಗೋಧಿ ತೆನೆಯ ಮುದ್ರೆ ಒತ್ತಿದರು. ರುಮೇನಿಯಾ, ಸರ್ಬಿಯಾ, ಫ್ರಾನ್ಸ್ ಸೇನೆಗಳು ಹಿಡಿದ ಊರುಗಳಲ್ಲಿ ಬೇರೆ ಬೇರೆ ಮೇಲ್ಮುದ್ರೆ. ಚಿತ್ರ ಒಂದೇ, ಇತಿಹಾಸ ಐದಾರು. ಸಾಲಾಗಿದ್ದಾಗ ಇವು ಒಂದಕ್ಕೊಂದು ಹೇಳಿಕೊಡುತ್ತಿದ್ದವು. ಲಕೋಟೆಯಲ್ಲಿ ಕಲೆತ ಮೇಲೆ, ಮೊದಲೇ ಗುರುತಿಸಿದ್ದನ್ನೆಲ್ಲ ಮಸೂರ ಹಿಡಿದು ಮತ್ತೆ ಮೊದಲಿನಿಂದ ಗುರುತಿಸಬೇಕಾಯಿತು.

ಪಾಠ ಒಂದೇ: ಬೆಳೆಯುತ್ತಿರುವ ಸಂಗ್ರಹವನ್ನು ಹೊಲಿದ ಪುಸ್ತಕದೊಳಗೆ ಹಾಕಬಾರದು. ಒಂದು ಚೀಟಿ ಸೇರಿದರೆ ಇನ್ನೊಂದು ಚೀಟಿ ಕದಲಬಾರದು. ಈ ಗುಣ ಇರುವುದು ಕಾರ್ಡಿಗೆ. 102 ಎಂಬ ಹೆಸರಿನಲ್ಲಿ ಸಿಗುವ, ಪೋಸ್ಟ್ ಕಾರ್ಡಿಗಿಂತ ಚಿಕ್ಕದಾದ, ಮುಂದೆ ಪಾರದರ್ಶಕ ಪಟ್ಟಿ ಇರುವ ಕಾರ್ಡು. ಒಂದು ಸರಣಿಗೆ ಒಂದು ಕಾರ್ಡು, ಬಿಡಿಯಾದರೆ ಒಂದು ಚೀಟಿಗೇ ಒಂದು ಕಾರ್ಡು. ಮೇಲಿನ ಅಂಚಿನಲ್ಲಿ ದೇಶ, ವರ್ಷ, ಕ್ಯಾಟಲಾಗ್ ಸಂಖ್ಯೆ (ಚೀಟಿಗಳನ್ನು ಪಟ್ಟಿ ಮಾಡಿದ ಪುಸ್ತಕ ಅದಕ್ಕೆ ಕೊಟ್ಟ ಸಂಖ್ಯೆ). ಗ್ರಂಥಾಲಯದ ಹಳೆಯ ಸೂಚಿ ಪೆಟ್ಟಿಗೆಯಂತೆ ಉದ್ದ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಮೂರನೇ ಒಂದು ಭಾಗ ಖಾಲಿ ಬಿಡಿ. ಕಾರ್ಡಿಗೆ ಸರಾಸರಿ ನಾಲ್ಕು ಎಂದರೂ 10 ಸಾವಿರ ಕಾರ್ಡು ಬೇಕು, ಒಮ್ಮೆಗೇ ತರಬೇಕಿಲ್ಲ. ಇನ್ನೂ ನೋಡಿ ಮುಗಿಯದ ದೇಶಗಳು ಗ್ಲಾಸಿನ್ (ನುಣುಪಾದ, ಅರೆಪಾರದರ್ಶಕ ಕಾಗದ) ಕವರುಗಳಲ್ಲಿ, ಅದೇ ಅಕ್ಷರಕ್ರಮದಲ್ಲಿ ನಿಲ್ಲಲಿ.

ಹಾಗಾದರೆ ಆಲ್ಬಂ ಬೇಡವೇ? ಬೇಕು, ಆದರೆ ಮುಗಿದ ದೇಶಗಳಿಗೆ. ಆಗ ಸ್ವತಂತ್ರ ನಗರವಾಗಿದ್ದ ಡಾನ್ಜಿಗ್ 1920ರಿಂದ 1939, ಪೂರ್ವ ಜರ್ಮನಿ 1949ರಿಂದ 1990. ಇವುಗಳಿಗೆ ಹೊಸ ಚೀಟಿ ಇನ್ನು ಹುಟ್ಟುವುದಿಲ್ಲ, ಎಷ್ಟು ಖಾಲಿ ಚೌಕ ಬಿಡಬೇಕೆಂದು ಮೊದಲೇ ಗೊತ್ತು. ಬಿಡಿ ಹಾಳೆಯ ಆಲ್ಬಂ ಆಗಿರಲಿ, ಕಪಾಟಿನಲ್ಲಿ ನಿಲ್ಲಿಸಿಡಿ, ಮಲಗಿಸಿ ಪೇರಿಸಬೇಡಿ. ಭಾರಕ್ಕೆ ಕೆಳಗಿನ ಆಲ್ಬಮ್ಮಿನ ಅಂಟು ಹಾಳೆಗೆ ಕೂರುತ್ತದೆ. ಕಾರ್ಡಾಗಲಿ ಹಾಳೆಯಾಗಲಿ, ಪಿವಿಸಿ ಪ್ಲಾಸ್ಟಿಕ್ ಇರಬಾರದು. ಹೊಸದಾಗಿ ತೆರೆದಾಗ ಮೂಗಿಗೆ ಬಲವಾಗಿ ಪ್ಲಾಸ್ಟಿಕ್ ವಾಸನೆ ಹೊಡೆದರೆ ಬಿಟ್ಟುಬಿಡಿ. ಅದನ್ನು ಮೆದುವಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಬಂದು ಶಾಯಿಯನ್ನು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಆದರೆ ಭಯವಿಲ್ಲ.

ಈಗ ಸಾಫ್ಟ್‌ವೇರ್. ಚೀಟಿಯನ್ನು ಗುರುತಿಸಿ, ಸ್ಕ್ಯಾನ್ ಮಾಡಿ, ನಮೂದಿಸಲು ಎರಡೇ ನಿಮಿಷ ಎಂದುಕೊಳ್ಳಿ. 40 ಸಾವಿರಕ್ಕೆ 1,333 ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಹೆಚ್ಚುಕಡಿಮೆ ಎರಡು ವರ್ಷ, ಅಷ್ಟರಲ್ಲಿ ಸಂಗ್ರಹ ಇನ್ನಷ್ಟು ಬೆಳೆದಿರುತ್ತದೆ. ಜಾಗತಿಕ ಸಂಗ್ರಹಕ್ಕೆ ಒಂದೊಂದು ಚೀಟಿಯ ದಾಖಲೆ ಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರ್ಡುಗಳು ಕ್ಯಾಟಲಾಗ್ ಕ್ರಮದಲ್ಲಿದ್ದರೆ ಪೆಟ್ಟಿಗೆಯೇ ದಾಖಲೆ. ಏನು ಇದೆ ಎಂದು ತಿಳಿಯಲು ಹಳೆಯ ಆವೃತ್ತಿಯ ಕ್ಯಾಟಲಾಗ್ ತಂದು, ಇರುವ ಸಂಖ್ಯೆಯ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಅಂಚೆ ಮುದ್ರೆ ಬಿದ್ದದ್ದಕ್ಕೆ ಅಡ್ಡಗೆರೆ, ಮಿಂಟಿಗೆ ಸುತ್ತು. ಗುರುತಿಲ್ಲದ್ದೆಲ್ಲ ನಿಮಗೆ ಬೇಕಾದ ಪಟ್ಟಿ. ಕಂಪ್ಯೂಟರಿನಲ್ಲಿ ದೇಶಕ್ಕೆ ಒಂದೇ ಸಾಲು ಸಾಕು: ಎಷ್ಟಿವೆ, ಯಾವ ಪೆಟ್ಟಿಗೆ, ಯಾವ ವರ್ಷದವರೆಗೆ ನೋಡಿ ಮುಗಿದಿದೆ. ಬೆಲೆಬಾಳುವ ಕೆಲವನ್ನು ಮಾತ್ರ ಬಿಡಿಬಿಡಿಯಾಗಿ, ಹಿಂದೆ ಮುಂದೆ ಎರಡೂ ಬದಿ ಚಿತ್ರ ತೆಗೆದು ನಮೂದಿಸಿ.

ಕ್ಯಾಟಲಾಗ್ ಯಾವುದಾದರೂ ಆಗಲಿ, ಒಂದೇ ಇರಲಿ. ಅಮೆರಿಕದ ಸ್ಕಾಟ್ ಕ್ಯಾಟಲಾಗ್ ವಿಮಾನ ಅಂಚೆಯನ್ನು ಸಿ ಅಕ್ಷರದ ಕೆಳಗೆ, ದಾನದ ಹೆಚ್ಚುವರಿ ಬೆಲೆಯ ಚೀಟಿಯನ್ನು ಬಿ ಅಕ್ಷರದ ಕೆಳಗೆ ಬೇರೆ ಇಡುತ್ತದೆ. ಜರ್ಮನಿಯ ಮಿಶೆಲ್ ಕ್ಯಾಟಲಾಗ್ ಅವನ್ನೆಲ್ಲ ವರ್ಷದ ಒಂದೇ ಸಾಲಿನಲ್ಲಿ ಪೋಣಿಸುತ್ತದೆ. ಅರ್ಧ ಸಂಗ್ರಹ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಜೋಡಿಸಿದರೆ ಒಂದೇ ಚೀಟಿಗೆ ಎರಡು ಮನೆ ಆಗುತ್ತದೆ. ನಿಮಗೆ ಒಪ್ಪಿಗೆಯಿಲ್ಲದ ಕಡೆಯೂ ಆರಿಸಿದ ಕ್ಯಾಟಲಾಗಿನ ಕ್ರಮವನ್ನೇ ಪಾಲಿಸಿ. ಗೋಲ್ಡ್ ಕೋಸ್ಟ್ 1957ರಲ್ಲಿ ಘಾನಾ ಆಯಿತು, ಅಪ್ಪರ್ ವೋಲ್ಟಾ 1984ರಲ್ಲಿ ಬುರ್ಕಿನಾ ಫಾಸೊ ಆಯಿತು. ಹಳೆಯ ಹೆಸರಿನವು ಎಲ್ಲಿರಬೇಕೆಂಬ ಚರ್ಚೆಯನ್ನು ಕ್ಯಾಟಲಾಗಿಗೆ ಬಿಟ್ಟರೆ ಮುಂದೆ ಹುಡುಕುವಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ.

ವಿಂಗಡಿಸುವಾಗ ಆತುರದಲ್ಲಿ ಆಗುವ ತಪ್ಪು ‘ಡೂಪ್ಲಿಕೇಟ್’ ಎಂದು ಪಕ್ಕಕ್ಕೆ ಎಸೆಯುವುದು. ಮೊದಲ ಸುತ್ತಿನಲ್ಲಿ ದೇಶ ಮಾತ್ರ ನೋಡಿ. ಹೆಲ್ವೇಷಿಯಾ ಎಂದರೆ ಸ್ವಿಟ್ಜರ್ಲೆಂಡ್, ಮಾಗ್ಯಾರ್ ಎಂದರೆ ಹಂಗೇರಿ, ಸುವೋಮಿ ಎಂದರೆ ಫಿನ್‌ಲೆಂಡ್, ಶ್ಕಿಪೇರಿಯಾ ಎಂದರೆ ಅಲ್ಬೇನಿಯಾ. ಐಲ್ಯಾಂಡ್ ಎಂದು ಓದಿಕೊಳ್ಳುವಂತಿರುವುದು ಐಸ್‌ಲ್ಯಾಂಡಿನದು. ದೇಶದ ಹೆಸರೇ ಇಲ್ಲದೆ ರಾಜ ಅಥವಾ ರಾಣಿಯ ತಲೆ ಇದ್ದರೆ ಮೊದಲು ಬ್ರಿಟನ್ ಎಂದು ನೋಡಿ. 1840ರ ಮೊಟ್ಟಮೊದಲ ಚೀಟಿ ಪೆನ್ನಿ ಬ್ಲ್ಯಾಕಿನಿಂದ ಇಂದಿನವರೆಗೂ ಅಲ್ಲಿ ಹೆಸರು ಹಾಕುವ ರೂಢಿಯಿಲ್ಲ.

ಎರಡನೇ ಸುತ್ತು ಹಲ್ಲು ಮತ್ತು ನೀರುಗುರುತಿನದು (ಕಾಗದ ತಯಾರಿಸುವಾಗಲೇ ಅದರೊಳಗೆ ಮೂಡಿಸಿದ ಗುರುತು). ಎರಡು ಸೆಂಟಿಮೀಟರಿನಲ್ಲಿ ಎಷ್ಟು ಹಲ್ಲು ಎಂಬುದೇ ಹಲ್ಲಿನ ಅಳತೆ. 14 × 13½ ಎಂದಿದ್ದರೆ ಮೊದಲನೆಯದು ಮೇಲಿನ ಅಂಚಿನದು. ಅಮೆರಿಕದ 1908ರಿಂದ 1922ರ ವಾಷಿಂಗ್ಟನ್–ಫ್ರಾಂಕ್ಲಿನ್ ಚೀಟಿಗಳನ್ನು ರಾಶಿ ಹಾಕಿ ನೋಡಿ. ಅದೇ ಮುಖ, ಅದೇ ಬಣ್ಣ. ಒಂದರಲ್ಲಿ ಹಲ್ಲು 12, ಇನ್ನೊಂದರಲ್ಲಿ 10, ಮತ್ತೊಂದರಲ್ಲಿ 11. ನೀರುಗುರುತು ಒಂದರಲ್ಲಿ ಜೋಡಿಗೆರೆಯ ಅಕ್ಷರ, ಒಂದರಲ್ಲಿ ಒಂಟಿಗೆರೆ, ಇನ್ನೊಂದರಲ್ಲಿ ಏನೂ ಇಲ್ಲ. ಬ್ರಿಟಿಷ್ ವಸಾಹತುಗಳಲ್ಲೂ ಹೀಗೆ, ನೀರುಗುರುತಿನಲ್ಲಿ ಕಿರೀಟದ ಜೊತೆಗಿನ ಅಕ್ಷರ ಸಿಸಿಯೋ ಸಿಎಯೋ ಎಂಬುದರ ಮೇಲೆ ಕಾಲವೇ ಬದಲಾಗುತ್ತದೆ. ಇವನ್ನು ನೋಡುವವರೆಗೆ ಒಂದೇ ರೀತಿಯ 20 ಚೀಟಿಯೂ ಡೂಪ್ಲಿಕೇಟ್ ಅಲ್ಲ. ನೀರುಗುರುತು ನೋಡಲು ಕಪ್ಪು ತಟ್ಟೆಯಲ್ಲಿ ಮುಖ ಕೆಳಗಾಗಿ ಇಟ್ಟು ಅದಕ್ಕೆಂದೇ ಇರುವ ದ್ರವದ ಎರಡು ಹನಿ ಹಾಕಿ. ಗುರುತು ಕಪ್ಪಾಗಿ ಮೂಡಿ ಕೆಲವೇ ಕ್ಷಣದಲ್ಲಿ ಆರುತ್ತದೆ. ತೆಳುವಾದ ಜಾಗ, ಮುಚ್ಚಿದ ಹರುಕು ಇದ್ದರೂ ಆಗಲೇ ಕಪ್ಪಾಗಿ ಕಾಣುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಇನ್ನೊಂದು ಮಾತು. ‘ಜಗತ್ತೆಲ್ಲ ಪೂರ್ತಿ ಮಾಡಬೇಕು’ ಎಂದು ಬರೆದಿದ್ದೀರಿ. ಅದನ್ನು ಈಗಲೇ ಬಿಡಿ. 19ನೇ ಶತಮಾನದಲ್ಲಿ ಬ್ರಿಟನ್ನಿನ ಸಂಗ್ರಹಕಾರ ಥಾಮಸ್ ಟ್ಯಾಪ್ಲಿಂಗ್ ಪೂರ್ತಿಯ ಹತ್ತಿರಕ್ಕೆ ಹೋದರು. 1891ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಸಂಗ್ರಹ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವರ ಮುಂದಿದ್ದದ್ದು ಬರೀ 50 ವರ್ಷದ ಚೀಟಿಗಳು. ನಿಮ್ಮ ಮುಂದಿರುವುದು 180 ವರ್ಷಕ್ಕೂ ಹೆಚ್ಚು. ಅದರಲ್ಲಿ 1960ರ ದಶಕದ ಕೊನೆಗೆ ಅಜ್ಮಾನ್, ಫುಜೈರಾ, ಉಮ್ ಅಲ್ ಕುವೈನ್ (ಈಗ ಯುಎಇಯಲ್ಲಿರುವ ಪುಟ್ಟ ಸಂಸ್ಥಾನಗಳು) ಹೆಸರಿನಲ್ಲಿ ಸಂಗ್ರಹಕಾರರಿಗೆಂದೇ ಅಚ್ಚಾದ ರಾಶಿರಾಶಿ ಬಣ್ಣದ ಚೀಟಿಗಳೂ ಸೇರಿವೆ. ದೇಶ ಕಡಿಮೆ ಮಾಡಿಕೊಳ್ಳಿ ಎಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಜಗತ್ತಿನ ರುಚಿ ಇರುವುದೇ ದೇಶ ದೇಶದಲ್ಲಿ. ವರ್ಷಕ್ಕೆ ಗಡಿ ಹಾಕಿ. 1840ರಿಂದ 1940 ಚೆನ್ನಾದ ಗಡಿ, ಆ ನೂರು ವರ್ಷಕ್ಕೆಂದೇ ಸ್ಕಾಟಿನ ಪ್ರತ್ಯೇಕ ಕ್ಯಾಟಲಾಗ್ ಇದೆ. ನಂತರದ್ದನ್ನು ಎಸೆಯಬೇಕಿಲ್ಲ, ಗ್ಲಾಸಿನ್ ಕವರಿನಲ್ಲಿ ದೇಶವಾರು ಇರಲಿ.

ಕಾಗದಕ್ಕೆ ಅಂಟಿರುವವನ್ನು ನೆನೆಸುವಾಗ: ಉಗುರುಬೆಚ್ಚಗಿನ ನೀರು, 15ರಿಂದ 20 ನಿಮಿಷ, ಒಮ್ಮೆಗೆ ನೂರಕ್ಕಿಂತ ಹೆಚ್ಚು ಬೇಡ. ಬಣ್ಣದ ಲಕೋಟೆಯ ತುಂಡು, ಕೆಂಪು ಅಥವಾ ನೇರಳೆ ಮುದ್ರೆ ಇರುವುದನ್ನು ಮೊದಲೇ ಬೇರೆ ಮಾಡಿ, ಒಂದೇ ತುಂಡು ಬಟ್ಟಲಿನಲ್ಲಿರುವ ಎಲ್ಲವನ್ನೂ ಗುಲಾಬಿ ಮಾಡಬಲ್ಲದು. ಚೀಟಿಯನ್ನು ಕಾಗದದಿಂದ ಎಳೆಯಬೇಡಿ, ಅದು ತಾನಾಗಿ ಜಾರುವವರೆಗೆ ಕಾಯಿರಿ. ಎರಡನೇ ಬಟ್ಟಲಿನ ಶುದ್ಧ ನೀರಿನಲ್ಲಿ ತೊಳೆದು, ಒತ್ತು ಕಾಗದದ ಮೇಲೆ ಮುಖ ಕೆಳಗೆ ಮಾಡಿ ಹರಡಿ, ಇನ್ನೇನು ಆರಿತು ಎನ್ನುವಾಗ ಭಾರದ ಕೆಳಗಿಡಿ. ಮಿಂಟ್ ಚೀಟಿ ನೀರು ನೋಡಲೇಬಾರದು. ಹಳೆಯ ಪೂರ್ತಿ ಲಕೋಟೆ ಸಿಕ್ಕರೆ ಚೀಟಿ ಕೀಳಬೇಡಿ, ಲಕೋಟೆಯಾಗಿಯೇ ಇಡಿ. ಇತ್ತೀಚಿನ ಸ್ಟಿಕ್ಕರ್ ಚೀಟಿಗಳಲ್ಲಿ ಅನೇಕವು ನೀರಿಗೆ ಬಿಡುವುದೇ ಇಲ್ಲ. 2009ರಿಂದ ಬಂದ, ಮೈಮೇಲೆ ಬಾಗಿದ ಸೀಳು ಇರುವ ಬ್ರಿಟನ್ನಿನ ಚೀಟಿಗಳನ್ನು ಎಳೆದರೆ ಆ ಸೀಳಿನಲ್ಲೇ ಹರಿಯುತ್ತವೆ. ಅಂಥವನ್ನು ಸುತ್ತ ಅರ್ಧ ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ, ಹಾಗೆಯೇ ಕಾರ್ಡಿಗೆ ಹಾಕಿ.