ಒಂದು ಸಾಲಿಗೆ ಒಂದು ಕಾಗದವೇ? ಮೊದಲು ಅದನ್ನು ನೋಡಿ

ಪ್ರಶ್ನೆ: ನಮ್ಮದು ಸಣ್ಣ ತರಬೇತಿ ಕೇಂದ್ರ. ನಾಲ್ಕೈದು ನೂರು ವಿದ್ಯಾರ್ಥಿಗಳ ವಿವರ ಇದೆ. ಪ್ರಮಾಣಪತ್ರ, ಶುಲ್ಕದ ರಸೀದಿ, ಕೋರ್ಸ್ ಮುಗಿದ ಮೇಲೆ ಅಂಕಗಳ ವರದಿ, ಇಷ್ಟು ಕಾಗದ ಕೊಡಬೇಕಾಗುತ್ತದೆ. ಈಗ ಹಳೇ ವರ್ಡ್ ಫೈಲ್ ಕಾಪಿ ಮಾಡಿ, ಹೆಸರು ಬದಲಾಯಿಸಿ ಪ್ರಿಂಟ್ ತೆಗೆಯುತ್ತೇವೆ. ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಅಂಕ ಹೋದದ್ದೂ ಇದೆ. ಡೇಟಾಬೇಸ್ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಪ್ರೋಗ್ರಾಮಿಂಗ್ ಬಲ್ಲವರು ಯಾರೂ ಇಲ್ಲ. ಯಾವ ಸಾಫ್ಟ್‌ವೇರ್ ತಗೊಳ್ಳಬೇಕು?

ಉತ್ತರ: ಸಾಫ್ಟ್‌ವೇರ್ ಹೆಸರು ಆಮೇಲೆ ನೋಡೋಣ. ಮೊದಲು ನೀವು ಕೊಡುವ ಮೂರೂ ಕಾಗದಗಳ ಒಂದೊಂದು ಪ್ರತಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಪ್ರತಿ ಸಲ ಬದಲಾಗುವ ಪದಗಳಿಗೆಲ್ಲ ಪೆನ್ನಿನಿಂದ ಸುತ್ತು ಹಾಕಿ. ಹೆಸರು, ನೋಂದಣಿ ಸಂಖ್ಯೆ, ದಿನಾಂಕ, ಮೊತ್ತ. ಹೀಗೆ ಸುತ್ತು ಬಿದ್ದದ್ದೆಲ್ಲ ನಿಮ್ಮ ಡೇಟಾಬೇಸಿನ ಕಾಲಮ್‌ಗಳು, ಉಳಿದದ್ದು ಟೆಂಪ್ಲೇಟ್, ಅಂದರೆ ಬದಲಾಗದ ಅಚ್ಚು. ಇದನ್ನು ಮಾಡದೆ ಸೀದಾ ಸಾಫ್ಟ್‌ವೇರ್ ಹಾಕಿಕೊಂಡವರು ನಲವತ್ತು ಕಾಲಮ್ ಮಾಡಿ ಅರ್ಧ ಖಾಲಿ ಬಿಟ್ಟಿರುತ್ತಾರೆ.

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕಾಗದಕ್ಕೆ ಬೇಕಾದದ್ದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆಯೇ? ಪ್ರಮಾಣಪತ್ರಕ್ಕೆ ಸಿಗುತ್ತದೆ. ಒಬ್ಬ ವಿದ್ಯಾರ್ಥಿ, ಒಂದು ಸಾಲು, ಒಂದು ಕಾಗದ. ಅಷ್ಟಕ್ಕೆ ನಿಮಗೆ ಡೇಟಾಬೇಸ್ ಸಾಫ್ಟ್‌ವೇರ್ ಬೇಕಾಗಿಯೇ ಇಲ್ಲ, ಎಕ್ಸೆಲ್ ಮತ್ತು ವರ್ಡ್ ಇದ್ದರೆ ಮೇಲ್ ಮರ್ಜ್ (ಪಟ್ಟಿಯ ಪ್ರತಿ ಸಾಲಿಗೂ ಒಂದು ಕಾಗದ ತಾನಾಗಿ ಮಾಡುವ ಸೌಲಭ್ಯ) ಸಾಕು. ವರ್ಡ್‌ನಲ್ಲಿ ಮೇಲಿಂಗ್ಸ್ ಟ್ಯಾಬ್‌ಗೆ ಹೋಗಿ ನಿಮ್ಮ ಎಕ್ಸೆಲ್ ಫೈಲ್ ಜೋಡಿಸಿ, ಹೆಸರು ಬರಬೇಕಾದ ಕಡೆ ಹೆಸರಿನ ಫೀಲ್ಡ್, ಅಂದರೆ ಆ ಕಾಲಮ್‌ನ ಗುರುತು, ಕೂರಿಸಿ, ಕೊನೆಗೆ ಫಿನಿಶ್ ಅಂಡ್ ಮರ್ಜ್ ಒತ್ತಿದರೆ ನಾನೂರು ಪ್ರಮಾಣಪತ್ರ ಒಂದೇ ಫೈಲಿನಲ್ಲಿ ಸಾಲಾಗಿ ಬರುತ್ತವೆ. ಎಕ್ಸೆಲ್‌ನ ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಸುತ್ತವೆ, ಆದ್ದರಿಂದ ಜಾಗದ ಚಿಂತೆ ಬೇಡ.

ದುಡ್ಡು ಕೊಡದೆ ಮಾಡಬೇಕೆಂದರೆ ಲಿಬ್ರೆ ಆಫೀಸ್ ಇದೆ. ಅದರ ರೈಟರ್‌ನಲ್ಲೂ ಇದೇ ಸೌಲಭ್ಯವಿದೆ, ಮತ್ತು ಒಂದು ವಿಷಯದಲ್ಲಿ ಅದು ವರ್ಡ್‌ಗಿಂತ ಮೇಲು. ಪ್ರತಿ ಸಾಲಿಗೂ ಬೇರೆ ಬೇರೆ ಫೈಲ್ ಮಾಡಿ, ಫೈಲಿನ ಹೆಸರನ್ನೂ ನೀವು ಹೇಳಿದ ಕಾಲಮ್‌ನಿಂದಲೇ ತೆಗೆದುಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಇಮೇಲ್‌ನಲ್ಲಿ ಅವರದೇ ಫೈಲ್ ಕಳಿಸುವುದಿದ್ದರೆ ಇದರಿಂದ ತುಂಬಾ ಕೆಲಸ ಉಳಿಯುತ್ತದೆ.

ಈಗ ರಸೀದಿಗೆ ಬನ್ನಿ. ಒಬ್ಬರು ಒಂದೇ ಸಲ ಕಟ್ಟುತ್ತಾರೆ, ಇನ್ನೊಬ್ಬರು ಮೂರು ಕಂತು, ಮತ್ತೊಬ್ಬರು ಐದು. ನಿಮ್ಮ ಶೀಟಿನಲ್ಲಿ 'ಕಂತು 1', 'ಕಂತು 2', 'ಕಂತು 3' ಅಂತ ಕಾಲಮ್‌ಗಳು ಅಡ್ಡಕ್ಕೆ ಬೆಳೆಯುತ್ತಿವೆ ಅಲ್ವಾ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ನಿಮಗೆ ಎರಡನೇ ಟೇಬಲ್, ಅಂದರೆ ಸಾಲು ಮತ್ತು ಕಾಲಮ್‌ಗಳ ಇನ್ನೊಂದು ಪಟ್ಟಿ, ಬೇಕಾಗಿದೆ. ವಿದ್ಯಾರ್ಥಿಗಳದ್ದು ಒಂದು ಟೇಬಲ್, ಪಾವತಿಗಳದ್ದು ಇನ್ನೊಂದು. ಪಾವತಿಯ ಪ್ರತಿ ಸಾಲಿನಲ್ಲೂ ನೋಂದಣಿ ಸಂಖ್ಯೆ ಇರುತ್ತದೆ, ಹೆಸರು ಇರುವುದಿಲ್ಲ. ಹೆಸರು ಒಂದೇ ಕಡೆ ಇರಬೇಕು, ತಿದ್ದಿದರೆ ಎಲ್ಲ ಕಾಗದದಲ್ಲೂ ತಿದ್ದುಪಡಿ ಆಗಬೇಕು. ಒಬ್ಬರ ಅಂಕ ಇನ್ನೊಬ್ಬರಿಗೆ ಹೋಗಿದ್ದು ಹೆಸರು ಹತ್ತಾರು ಫೈಲಿನಲ್ಲಿ ಕೂತಿದ್ದರಿಂದಲೇ. ಅಂಕಗಳಿಗೂ ಇದೇ ರೀತಿ ಮೂರನೇ ಟೇಬಲ್ ಮಾಡಿ.

ಈ ಹಂತದಲ್ಲಿ ನಾನು ನಿಮಗೆ ಹೇಳುವುದು ಲಿಬ್ರೆ ಆಫೀಸ್ ಬೇಸ್ ಅಥವಾ ಮೈಕ್ರೋಸಾಫ್ಟ್ ಆ್ಯಕ್ಸೆಸ್. ಎರಡರಲ್ಲೂ ಟೇಬಲ್, ವಿವರ ತುಂಬುವ ಫಾರ್ಮ್, ಪ್ರಿಂಟಿಗೆ ರಿಪೋರ್ಟ್ ಮೂರೂ ಒಟ್ಟಿಗೆ ಸಿಗುತ್ತವೆ, ಒಬ್ಬ ವಿದ್ಯಾರ್ಥಿಯ ಹೆಸರಿನ ಕೆಳಗೆ ಅವರ ಎಲ್ಲ ವಿಷಯಗಳ ಅಂಕ ಸಾಲಾಗಿ ಬರುವ ವರದಿಯನ್ನು ಪ್ರೋಗ್ರಾಂ ಬರೆಯದೆ ಮಾಡಬಹುದು. ಆ್ಯಕ್ಸೆಸ್ ಬಳಸಲು ಹೆಚ್ಚು ಸಲೀಸು, ಆದರೆ ದುಡ್ಡು ಕೊಡಬೇಕು, ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಒಂದು ಫೈಲಿಗೆ 2 ಜಿಬಿ ಮಿತಿ ಇದೆ. ನಿಮ್ಮಷ್ಟು ವಿವರಕ್ಕೆ ಆ ಮಿತಿ ಹತ್ತಿರವೂ ಬರುವುದಿಲ್ಲ, ಫೋಟೋಗಳನ್ನು ಒಳಗೆ ತುರುಕದಿದ್ದರೆ. ಬೇಸ್ ಉಚಿತ, ಎಲ್ಲ ಕಡೆ ನಡೆಯುತ್ತದೆ. ಕಲಿಯಲು ಸ್ವಲ್ಪ ಒರಟು. ಅದರಲ್ಲಿ ಸಾಮಾನ್ಯವಾಗಿ ಎಲ್ಲ ಮಾಹಿತಿಯೂ ಒಂದೇ ಫೈಲಿನೊಳಗೆ ಇರುತ್ತದೆ, ಆದ್ದರಿಂದ ದಿನದ ಕೊನೆಗೆ ಆ ಫೈಲನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಲೇಬೇಕು. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಎಸ್‌ಕ್ಯೂಲೈಟ್ ಬಳಸಿ ಅಂತ ಸ್ನೇಹಿತರು ಹೇಳಿದರು. ಅದು ಸಾಲದೇ?

ಉತ್ತರ: ಮಾಹಿತಿ ಇಡುವುದಕ್ಕೆ ಅದಕ್ಕಿಂತ ಗಟ್ಟಿಯಾದದ್ದು ಸಿಗುವುದು ಕಷ್ಟ. 2000ದಲ್ಲಿ ಬಂದದ್ದು, ಪೂರ್ತಿ ಉಚಿತ, ನಿಮ್ಮ ಫೋನಿನೊಳಗೂ ಇದೆ. ಆದರೆ ಅದು ಬರೀ ಉಗ್ರಾಣ. ಡಿಬಿ ಬ್ರೌಸರ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಟೇಬಲ್ ನೋಡಬಹುದು, ತಿದ್ದಬಹುದು, ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರೆ ಮಾಡಿದ ಸರಳ ಪಟ್ಟಿ) ತೆಗೆಯಬಹುದು. ಪ್ರಮಾಣಪತ್ರ ಅದರಿಂದ ಬರುವುದಿಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಒಬ್ಬರು ನಿಮ್ಮ ಜೊತೆ ಸದಾ ಇದ್ದರೆ ಎಸ್‌ಕ್ಯೂಲೈಟ್ ಒಳ್ಳೆಯ ಆಯ್ಕೆ. ಅವರು ಬಿಟ್ಟುಹೋದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಮೊದಲೇ ಯೋಚಿಸಿ.

ಪ್ರಶ್ನೆ: ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೆಸರುಗಳೆಲ್ಲ ವಿಚಿತ್ರ ಚಿಹ್ನೆಗಳಾಗುತ್ತವೆ. 0047 ಅಂತಿದ್ದ ನೋಂದಣಿ ಸಂಖ್ಯೆ 47 ಆಗಿದೆ. ಫೈಲ್ ಕೆಟ್ಟಿದೆಯೇ?

ಉತ್ತರ: ಫೈಲ್ ಸರಿಯಾಗಿಯೇ ಇದೆ, ತೆರೆದ ರೀತಿ ತಪ್ಪು. ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಟ್ಯಾಬ್‌ನಿಂದ ಫೈಲನ್ನು ಒಳಗೆ ತನ್ನಿ. ಆಗ ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನೂ ಸರಿಯಾಗಿ ಓದುವ ಅಕ್ಷರ ಸಂಕೇತ) ಆಯ್ಕೆ ಮಾಡಿ, ನೋಂದಣಿ ಸಂಖ್ಯೆಯ ಕಾಲಮನ್ನು ಟೆಕ್ಸ್ಟ್ ಅಂತ ಹೇಳಿ. ಕನ್ನಡವೂ ಉಳಿಯುತ್ತದೆ, ಸೊನ್ನೆಗಳೂ ಉಳಿಯುತ್ತವೆ. ಆದರೆ ಡಬಲ್ ಕ್ಲಿಕ್ ಮಾಡಿ ತೆರೆದು ಹಾಗೇ ಸೇವ್ ಮಾಡಿದ್ದರೆ ಸೊನ್ನೆಗಳು ನಿಜವಾಗಿಯೂ ಹೋಗಿರುತ್ತವೆ, ಹಳೇ ಪ್ರತಿಯನ್ನೇ ಹುಡುಕಿ.

ದಿನಾಂಕದಲ್ಲೂ ಇದೇ ಗೋಳು. ಎಕ್ಸೆಲ್‌ನಲ್ಲಿ ಸರಿಯಾಗಿ ಕಂಡ ದಿನಾಂಕ ವರ್ಡ್‌ಗೆ ಹೋದಾಗ ತಿಂಗಳು ಮುಂದೆ, ದಿನ ಹಿಂದೆ ಆಗಿಬಿಡಬಹುದು. ಎಕ್ಸೆಲ್‌ನಲ್ಲೇ ಇನ್ನೊಂದು ಕಾಲಮ್ ಮಾಡಿ, ಟೆಕ್ಸ್ಟ್ ಫಂಕ್ಷನ್‌ನಿಂದ ದಿನಾಂಕವನ್ನು ನಿಮಗೆ ಬೇಕಾದ ರೂಪದ ಅಕ್ಷರಗಳನ್ನಾಗಿ ಮಾಡಿ, ಆ ಕಾಲಮನ್ನೇ ಜೋಡಿಸಿ.

ಪ್ರಶ್ನೆ: ಒಬ್ಬರು ಮಾಡಿಕೊಟ್ಟ ಪ್ರೋಗ್ರಾಂನಿಂದ ಸೀದಾ ಪಿಡಿಎಫ್ ಬರುತ್ತದೆ, ಆದರೆ ಒತ್ತಕ್ಷರಗಳು ಕೂಡುವುದಿಲ್ಲ, ಬಿಡಿಬಿಡಿಯಾಗಿ ಬೀಳುತ್ತವೆ. ಫಾಂಟ್ ಬದಲಿಸಿದರೂ ಅಷ್ಟೇ.

ಉತ್ತರ: ಫಾಂಟಿನ ತಪ್ಪಲ್ಲ. ಪಿಡಿಎಫ್ ಮಾಡುವ ಕೆಲವು ಸಲಕರಣೆಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆ, ಅಷ್ಟೇ. ಕನ್ನಡಕ್ಕೆ ಒತ್ತು, ಗುಣಿತ ಸೇರಿಸಿ ಆಕಾರ ಕಟ್ಟುವ ಇನ್ನೊಂದು ಹಂತ ಬೇಕು. ವರ್ಡ್, ಲಿಬ್ರೆ ಆಫೀಸ್, ಬ್ರೌಸರ್‌ಗಳು ಆ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಆದ್ದರಿಂದ ಪ್ರೋಗ್ರಾಂ ಬರೆದವರಿಗೆ ಹೇಳಿ: ಮೊದಲು ವರ್ಡ್ ಫೈಲ್ ಅಥವಾ ವೆಬ್ ಪುಟ ತಯಾರಾಗಲಿ, ಅಲ್ಲಿಂದ ಪಿಡಿಎಫ್ ಆಗಲಿ. ಸರಿಹೋಯಿತೇ ಅಂತ ನೋಡುವಾಗ ಸುಮ್ನೆ ಮೊದಲ ಸಾಲಿನ ಹೆಸರು ಹಾಕಬೇಡಿ. ನಿಮ್ಮ ಪಟ್ಟಿಯಲ್ಲಿರುವ ಅತಿ ಉದ್ದದ ಹೆಸರು, ಜಾಸ್ತಿ ಒತ್ತಕ್ಷರ ಇರುವ ಹೆಸರು, ವಿಳಾಸ ಖಾಲಿ ಇರುವ ಒಂದು ಸಾಲು, ಈ ಮೂರನ್ನೂ ಪ್ರಿಂಟ್ ತೆಗೆದು ನೋಡಿ, ಆಮೇಲೆ ಉಳಿದದ್ದನ್ನು ಬಿಡಿ.