ಪಾಲಿಕೆಗೆ ನಿಲ್ಲುವ ಮುನ್ನ

ಪ್ರಶ್ನೆ: ಮನೆ ಮುಲುಂಡ್‌ನಲ್ಲಿ, ಹೋಟೆಲು ಮಾಟುಂಗಾದಲ್ಲಿ. ಮುಂಬಯಿ ಪಾಲಿಕೆಗೆ ಮಾಟುಂಗಾದಿಂದ ನಿಲ್ಲಬಹುದೇ?

ಉತ್ತರ: ಧಾರಾಳವಾಗಿ. 21 ತುಂಬಿ, ಮುಂಬಯಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ 227 ವಾರ್ಡುಗಳಲ್ಲಿ ಮೀಸಲಾತಿಗೆ ಹೊಂದುವ ಯಾವುದರಿಂದಲೂ ಸ್ಪರ್ಧಿಸಬಹುದು. ಎಡವುವುದು ನಾಮಪತ್ರಕ್ಕೆ ಸಹಿ ಹಾಕುವ ಸೂಚಕ, ಅನುಮೋದಕರ ವಿಷಯದಲ್ಲಿ: ಇಬ್ಬರೂ ನೀವು ನಿಲ್ಲುವ ವಾರ್ಡಿನ ಮತದಾರರಾಗಿರಬೇಕು. ಗಲ್ಲಿಯಾಚೆಯ ಕಟ್ಟಡ ಬೇರೆ ವಾರ್ಡಿಗೆ ಸೇರಿರಬಹುದು. ಅಂತಿಮ ಪಟ್ಟಿಯಲ್ಲೇ ಅವರ ಭಾಗಸಂಖ್ಯೆ, ಕ್ರಮಸಂಖ್ಯೆ ನೋಡಿ ಬರೆದುಕೊಳ್ಳಿ. 12 ಸೆಪ್ಟೆಂಬರ್ 2001ರ ನಂತರ ಮೂರನೇ ಮಗು ಹುಟ್ಟಿದ್ದರೆ ಅನರ್ಹರು. ಮೀಸಲು ವಾರ್ಡಾದರೆ ಕರ್ನಾಟಕದ ಊರಿನ ತಹಶೀಲ್ದಾರರ ಜಾತಿ ಪತ್ರ ನಡೆಯದು, ಮಹಾರಾಷ್ಟ್ರದ್ದೇ ಬೇಕು. (ನಮ್ಮವರು ಸಿಕ್ಕಿಬೀಳುವುದು ಇಲ್ಲೇ.) ನಾಮಪತ್ರದೊಡನೆ ಕೊಡುವ ಪ್ರಮಾಣಪತ್ರದ (ಅಫಿಡವಿಟ್) ಯಾವ ಅಂಕಣವನ್ನೂ ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ.