ನೀರು ತಿಳಿಯಾದರೆ ರೋಗಾಣು ಹೋದಂತೆಯೇ?

ಪ್ರಶ್ನೆ: ನಮ್ಮ ಹೊಲ ಬಿಡದಿ ಹತ್ತಿರ, ವೃಷಭಾವತಿ ದಂಡೆಯಲ್ಲಿದೆ. ಬೆಂಗಳೂರಿನ ಕೊಳಚೆಯನ್ನು ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಶುದ್ಧ ಮಾಡಿ ಬಿಡುತ್ತಾರೆ ಅಂತಾರೆ. ಹಾಗೆ ಬಿಟ್ಟ ನೀರಲ್ಲಿ ರೋಗಾಣು ಇರಲ್ಲ ಅಲ್ವಾ? ಸೊಪ್ಪಿಗೆ ಹಾಯಿಸಬಹುದಾ?

ಉತ್ತರ: ಸೊಪ್ಪಿಗೆ ದಯವಿಟ್ಟು ಬೇಡ.

ಎಸ್‌ಟಿಪಿಯ ಮುಖ್ಯ ಕೆಲಸ ರೋಗಾಣು ಕೊಲ್ಲುವುದಲ್ಲ. ಅಲ್ಲಿ ತೊಟ್ಟಿಯೊಳಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಾರೆ. ಅವು ಹೊಲಸು ತಿಂದು, ಕೆಸರಾಗಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿನೀರು ಹೊಳೆಗೆ ಹೋಗುತ್ತದೆ. ಇದು ಸಣ್ಣ ಉಪಕಾರವಲ್ಲ. ಹಸಿ ಕೊಳಚೆ ಬಿದ್ದರೆ ಇದೇ ಕೆಲಸ ಹೊಳೆಯಲ್ಲೇ ನಡೆದು, ನೀರಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಆಗ ಮೀನು ಸಾಯುತ್ತವೆ, ನಾತ ಹೊಡೆಯುತ್ತದೆ.

ಆದರೆ ಲೆಕ್ಕ ನೋಡಿ. 100 ಮಿಲಿ ಹಸಿ ಕೊಳಚೆಯಲ್ಲಿ ಮಲದಿಂದ ಬಂದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1 ಕೋಟಿಯಷ್ಟು ಇರಬಹುದು. ಶೇ 99ರಷ್ಟು ಹೋದರೂ 1 ಲಕ್ಷ ಉಳಿಯಿತು. ಸ್ನಾನದ ನೀರಿಗೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಗರಿಷ್ಠ ಮಿತಿ 2,500. ಉಳಿದದ್ದು ಅದರ 40 ಪಟ್ಟು! ಕೊನೆಗೆ ಕ್ಲೋರಿನ್ ಅಥವಾ ಯುವಿ (ನೇರಳಾತೀತ) ಬೆಳಕಿನಿಂದ ರೋಗಾಣು ಕೊಲ್ಲುವ ಹಂತ ಸರಿಯಾಗಿ ನಡೆದರೆ ಮಾತ್ರ ಈ ಸಂಖ್ಯೆ ನಿಜವಾಗಿ ಇಳಿಯುತ್ತದೆ. ಆ ಹಂತ ದಾಟಿದ ನೀರು, ದಾಟದ ನೀರು ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ.

ನನಗೆ ಹೆಚ್ಚು ಭಯ ಇನ್ನೊಂದು ವಿಷಯದ್ದು. ನಾವು ನುಂಗಿದ ಆಂಟಿಬಯೋಟಿಕ್‌ನ ಒಂದು ಪಾಲು ಶೌಚದ ಮೂಲಕ ಅಲ್ಲಿಗೇ ಸೇರುತ್ತದೆ. ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಬದುಕುತ್ತವೆ. ಮದ್ದಿಗೆ ಬಗ್ಗದ ಗುಣವನ್ನು ಒಂದು ಇನ್ನೊಂದಕ್ಕೆ ದಾಟಿಸಬಲ್ಲದು. ಅಂಥವು ಹೊಳೆಯ ಕಲ್ಲಿನ ಲೋಳೆಯಲ್ಲೂ ನೆಲೆಸುತ್ತವೆ.

ಶುದ್ಧ ಮಾಡಿದ ನೀರಲ್ಲೂ ಉಳಿಯಬಹುದಾದ ಅಮೋನಿಯಾವನ್ನೂ ಮರೆಯಬಾರದು. ಅದರಲ್ಲಿನ 1 ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳು ನಾಲ್ಕೂವರೆ ಗ್ರಾಂ ಆಮ್ಲಜನಕ ಬಳಸುತ್ತವೆ. ತುಂಬಿ ಹರಿಯುವ ನದಿ ಇದನ್ನು ತಾಳಿಕೊಂಡೀತು. ಬೇಸಿಗೆಯ ವೃಷಭಾವತಿಯಲ್ಲಿ ಹರಿಯುವುದೇ ಊರಿನ ನೀರು, ತೆಳುಮಾಡಲು ಬೇರೆ ನೀರೆಲ್ಲಿದೆ? ಅದು ಬೈರಮಂಗಲ ಕೆರೆ ದಾಟಿ, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ.

ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಕ್ಯಾರೆಟ್ ಬಿಟ್ಟುಬಿಡಿ. ಕಾರ್ಖಾನೆಗಳ ನೀರೂ ಈ ಹೊಳೆಗೆ ಸೇರಿದೆ, ಕ್ಲೋರಿನ್‌ನಿಂದ ಲೋಹ ಹೋಗಲ್ಲ. ಹಾಗಾಗಿ ಮೇವಿಗೆ ಹಾಯಿಸುವ ಮುಂಚೆಯೂ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ನೀರು ಹಾಯಿಸುವಾಗ ಗಂಬೂಟು ಹಾಕಿಕೊಳ್ಳಿ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳನ್ನು ಇಳಿಯಲು ಬಿಡಬೇಡಿ. ಎಸ್‌ಟಿಪಿಯಿಂದ ಹೊರಬರುವ ನೀರಿನ ಬಿಒಡಿ (ಅದರಲ್ಲಿನ ಹೊಲಸನ್ನು ಬ್ಯಾಕ್ಟೀರಿಯಾ ತಿನ್ನಲು ಬೇಕಾಗುವ ಆಮ್ಲಜನಕದ ಅಳತೆ) ಎಷ್ಟು ಅಂತ ಮಾತ್ರ ಕೇಳಿ ಸುಮ್ನಾಗಬೇಡಿ. ಕೋಲಿಫಾರ್ಮ್ ಎಷ್ಟು ಅಂತ ಪಂಚಾಯಿತಿಯಿಂದ ಬರವಣಿಗೆಯಲ್ಲಿ ಕೇಳಿಸಿ.